ಮುಂದಿನ ಬಾರ್ಜು ನಿಮ್ಮದೇ

ದಿನವಿಡೀ ನದಿ ದಾಟುವ ಕಡವಿನ ಗೇಟಿನಲ್ಲಿ ನಿಂತು ಪೀಪಿ ಊದುವವನನ್ನು ಜನ ಪೀಪಿಯಣ್ಣ ಅನ್ನದೆ ಇನ್ನೇನಂದಾರು? ಹೆತ್ತವರು ಇಟ್ಟ ಹೆಸರೊಂದು ಅವನಿಗೂ ಇತ್ತು. ಸಂಬಳದ ದಿನ ಬಿಟ್ಟರೆ ಅದು ಯಾರ ನಾಲಗೆಗೂ ಬರುತ್ತಿರಲಿಲ್ಲ. ಹೆಂಡತಿ ಕೂಡ ಸಿಟ್ಟು ಬಂದಾಗ, "ಬಂದ್ರು ನೋಡು ಪೀಪಿಯಣ್ಣೋರು, ದಾರಿ ಬಿಡಿ ದಾರಿ ಬಿಡಿ" ಅಂತಲೇ ಬಾಗಿಲು ತೆಗೆಯುತ್ತಿದ್ದಳು. ಅವನಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ, ಒಳಗೊಳಗೇ ಹೆಮ್ಮೆಯೇ ಇತ್ತು.

ನದಿ ಅಲ್ಲಿ ಬಲು ಅಗಲ. ಈ ದಡದಿಂದ ನೋಡಿದರೆ ಆ ದಡದ ಮನುಷ್ಯರು ಇರುವೆಗಳಷ್ಟೇ ಕಾಣುತ್ತಾರೆ. ದಾಟಿಸಲು ಇದ್ದದ್ದು ಎರಡೇ: ಒಂದು ಮೋಟಾರು ದೋಣಿ, ಇನ್ನೊಂದು ಬಾರ್ಜು. ದೋಣಿಗೆ ಹತ್ತುವುದು ಜನ ಮಾತ್ರ, ಅದೂ ಕಡಿದಾದ ಕಬ್ಬಿಣದ ಏಣಿ ಇಳಿದು. ಬಾರ್ಜು ಕಾವಲಿಯ ಹಾಗೆ ಚಪ್ಪಟೆ. ಅದಕ್ಕೆ ಲಾರಿ, ಕಾರು, ವ್ಯಾನು ಏರಿಸಬಹುದು, ಬೇಕಾದರೆ ಬರೀ ಜನರನ್ನೂ ತುಂಬಬಹುದು. ಆದರೆ ಎರಡನ್ನೂ ಒಟ್ಟಿಗೆ ಹಾಕುವಂತಿಲ್ಲ. ಹಿಂದೊಮ್ಮೆ ಲಾರಿಯೊಂದು ಹಿಂದಕ್ಕೆ ಜಾರಿ ಯಾರದೋ ಕಾಲು ಜಜ್ಜಿಹೋದ ಮೇಲೆ ಹಾಗೆ ಆಜ್ಞೆಯಾಗಿತ್ತು. ಜನ ಹತ್ತಿದರೆ ಗಾಡಿ ಇಲ್ಲ, ಗಾಡಿ ಹತ್ತಿದರೆ ನಡೆದು ಬಂದವರಿಗೆ ಜಾಗ ಇಲ್ಲ. ಹೀಗಾಗಿ ಕಡವಿನಲ್ಲಿ ಎರಡು ಸಾಲು. ನಡೆದು ಬಂದವರದೊಂದು, ಗಾಡಿಗಳದೊಂದು. ಎರಡರ ನಡುವೆ ಪೀಪಿಯಣ್ಣ. ಈ ಸಲ ಬಾರ್ಜು ಯಾರಿಗೆ ಅನ್ನುವುದು ಅವನ ಪೀಪಿಗೆ ಬಿಟ್ಟದ್ದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನಿಗೆ ಬುದ್ಧಿ ಹೇಳಿದವನು ಬಾರ್ಜು ನಡೆಸುತ್ತಿದ್ದ ಮುದುಕ. ಎಲ್ಲರೂ ಚುಕ್ಕಾಣಿ ಅಜ್ಜ ಅನ್ನುತ್ತಿದ್ದರು. ಮಾತು ಕಮ್ಮಿ, ಆಡಿದರೆ ಖಾರ. ನಡೆಯುವವರ ಸಾಲು ನಿಲ್ಲುವ ಜಾಗದಲ್ಲಿ, ಗೇಟಿನಿಂದ ಸಾಕಷ್ಟು ಹಿಂದೆ, ಆಳೆತ್ತರಕ್ಕಿಂತ ಗಿಡ್ಡನೆಯ ಒಂದು ಕಲ್ಲು ನೆಟ್ಟಿತ್ತು. ಅಜ್ಜ ಅದಕ್ಕೆ ಆಗಾಗ ತಾನೇ ಸುಣ್ಣ ಬಳಿಯುತ್ತಿದ್ದ.

"ನೋಡಪ್ಪಾ, ನಡೆಯೋರ ಸಾಲು ಈ ಕಲ್ಲು ದಾಟೋವರೆಗೂ ನನ್ನ ಬಾರ್ಜಿಗೆ ಒಬ್ಬನನ್ನೂ ಹತ್ತಿಸಬೇಡ. ಅವರಿಗೆ ದೋಣಿ ಇದೆ. ಗಾಡಿಯೋರಿಗೆ ನನ್ನನ್ನ ಬಿಟ್ರೆ ಯಾರಿದ್ದಾರೆ?"

"ಅವರು ಬಾಯಿ ಮಾಡ್ತಾರಲ್ಲ ಅಜ್ಜ?"

"ಬಡ್ಕೊಳ್ಳಲಿ ಬಿಡು. ಬಾಯಿ ನೋವಿಗೆ ಯಾರೂ ಸತ್ತಿಲ್ಲ."

ಅಷ್ಟೇ. ಯಾಕೆ, ಏನು ಅಂತ ಅಜ್ಜ ಬಿಡಿಸಿ ಹೇಳಲಿಲ್ಲ, ಇವನೂ ಕೇಳಲಿಲ್ಲ. ಕೆಲವು ವರ್ಷಕ್ಕೆ ಅಜ್ಜನ ಕಣ್ಣು ಮಂಜಾಯಿತು. ಚುಕ್ಕಾಣಿ ಬಿಟ್ಟು, ಮಗಳ ಮನೆ ಸೇರಿಕೊಂಡ. ಕಲ್ಲಿಗೆ ಸುಣ್ಣ ಬಳಿಯುವವರು ಇಲ್ಲವಾದರು. ಸುಣ್ಣ ಉದುರಿ ಅದು ಬರೀ ಕಲ್ಲಾಯಿತು. ಜನ ಅದರ ಮೇಲೆ ಚೀಲ ಇಟ್ಟುಕೊಂಡು ನಿಲ್ಲತೊಡಗಿದರು.

ಪೀಪಿಯಣ್ಣ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವನ ಮೇಲೆ ನಿಮಗೆ ಸಿಟ್ಟು ಬರುತ್ತದೆ. ನನಗೂ ಬಂದಿತ್ತು. ಅವನ ಕಷ್ಟವೆಂದರೆ ಅವನ ಕಿವಿ ಬಲು ಮೆತ್ತಗೆ. ನಡೆಯುವವರು ಅವನ ಎದೆಗೆ ಎದೆ ತಾಗಿಸಿ ನಿಲ್ಲುತ್ತಿದ್ದರು. "ಪೀಪಿಯಣ್ಣ, ಶಾಲೆ ಬೆಲ್ಲು ಹೊಡೆದುಬಿಡುತ್ತೆ ಕಣಣ್ಣ," "ಪೀಪಿಯಣ್ಣ, ಸಾಹೇಬ್ರು ಉಗೀತಾರೆ," "ನಿನ್ನ ಹೊಟ್ಟೆ ತಣ್ಣಗಿರಲಿ ಮಗಾ, ಕಾಲು ಬಿದ್ದುಹೋಗ್ತಿದೆ." ಗಾಡಿಯವರೋ ದೂರದಲ್ಲಿ, ಗಾಜಿನ ಹಿಂದೆ. ಬಹಳವೆಂದರೆ ಹಾರನ್ ಹೊಡೆದಾರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರಲ್ಲ, ಹಾಗೇ ಆಯಿತು. ಸಾಲು ಕಲ್ಲಿನವರೆಗಿನ ಅರ್ಧ ದೂರಕ್ಕೂ ಬಂದಿರುತ್ತಿರಲಿಲ್ಲ, ಇವನು ಪೀಪಿ ಊದಿ ಬಾರ್ಜಿನ ಸರಪಳಿ ತೆಗೆಸಿ, "ಬನ್ನಿ ಬನ್ನಿ, ಎಲ್ಲರೂ ಬನ್ನಿ" ಅಂತ ಜನರನ್ನು ತುಂಬಿಬಿಡುತ್ತಿದ್ದ. ಒಂದೇ ಏಟಿಗೆ ಸಾಲು ಖಾಲಿ! ನೋಡುವುದಕ್ಕೆ ಎಷ್ಟು ಚೆಂದ! ಜನ ಹತ್ತುತ್ತ ಹತ್ತುತ್ತ ಅವನ ಬೆನ್ನು ತಟ್ಟಿ ಹೋಗುತ್ತಿದ್ದರು. ಆಮೇಲೆ ಅವನು ಗಾಡಿಗಳ ಕಡೆ ತಿರುಗಿ, ಕೈ ಎತ್ತಿ, ಕಡವಿಗೆಲ್ಲ ಕೇಳುವಂತೆ ಕೂಗುತ್ತಿದ್ದ: "ಮುಂದಿನ ಬಾರ್ಜು ನಿಮ್ಮದೇ!"

ಸುಳ್ಳು ಹೇಳುತ್ತಿರಲಿಲ್ಲ. ಪ್ರತಿ ಸಲವೂ ಮನಸಾರೆ ಹೇಳುತ್ತಿದ್ದ.

ಆ ಕಾಲದಲ್ಲಿ ಅದು ನಡೆದೂಹೋಯಿತು. ಬರುವವರು ಕಮ್ಮಿ, ಬಾರ್ಜಿಗೆ ಬಿಡುವಿತ್ತು. ಗಾಡಿಯವರಿಗೆ ಒಂದು ಟ್ರಿಪ್ಪು ತಪ್ಪಿದರೆ ಟೀ ಕುಡಿಯುವಷ್ಟರಲ್ಲಿ ಇನ್ನೊಂದು ಸಿಗುತ್ತಿತ್ತು. ಯಾರಿಗೂ ನಷ್ಟವಿಲ್ಲ, ಇವನಿಗೆ ಮಾತ್ರ ಹೆಸರು.

ಇನ್ನೊಂದು ಹೆಸರೂ ಇತ್ತು ಅವನಿಗೆ: ನ್ಯಾಯವಂತ ಅಂತ. ಮಗಳು ಚಿಕ್ಕವಳಿದ್ದಾಗ ಒಮ್ಮೆ ಹೆಂಡತಿ ಅವಳನ್ನು ಎತ್ತಿಕೊಂಡು, ಜ್ವರ ಬಂದಿದೆ ಅಂತ ಸೀದಾ ಗೇಟಿಗೆ ಬಂದಿದ್ದಳು. ಇವನು ಎಲ್ಲರೆದುರು ಹೆಂಡತಿಯನ್ನು ಸಾಲಿನ ತುದಿಗೆ ಕಳಿಸಿದ. "ನನ್ನೋರು ಅಂತ ಇಲ್ಲಿ ಯಾರೂ ಇಲ್ಲ" ಅಂದ. ಜನ ಚಪ್ಪಾಳೆ ತಟ್ಟಿದರು. ಹೆಂಡತಿ ಆವತ್ತು ರಾತ್ರಿ ಅನ್ನದ ತಟ್ಟೆಯನ್ನು ಅವನೆದುರು ಕುಕ್ಕಿ, "ಊರಿಗೆ ಉಪಕಾರಿ, ಮನೆಗೆ ಮಾರಿ" ಅಂದಳು. ಮಗಳಿಗೆ ಮಾತ್ರ ಅಪ್ಪನೆಂದರೆ ಪ್ರಾಣ. ಮನೆಯಲ್ಲಿದ್ದ ಚಪ್ಪಲಿಗಳನ್ನೆಲ್ಲ ಎರಡು ಸಾಲಾಗಿ ಜೋಡಿಸಿ, ಬಾಯಲ್ಲೇ ಪೀಪಿ ಊದಿ, "ಮುಂದಿನ ಬಾರ್ಜು ನಿಮ್ಮದೇ" ಅಂತ ಒಂದೊಂದಾಗಿ ಹೊಸಿಲು ದಾಟಿಸುತ್ತಿದ್ದಳು. ಆಟ ಕೆಡಿಸಿದವರಿಗೆ ಒದೆ ಬೀಳುತ್ತಿತ್ತು.

ಮಗಳು ದೊಡ್ಡವಳಾದಳು, ಮದುವೆಯಾಯಿತು. ಇದೇ ದಡದಲ್ಲಿ, ಸ್ವಲ್ಪ ದೂರದ ಪೇಟೆಯಲ್ಲಿ ಸಂಸಾರ. ಅಳಿಯ ವೈರಿಂಗ್ ಕೆಲಸದವನು, ವೈರಿನ ಸುರುಳಿ ತುಂಬಿದ ಹಳೇ ವ್ಯಾನೊಂದಿತ್ತು. ಒಳ್ಳೆ ಹುಡುಗ, ಆದರೆ ಬಾಯಿ ಸತ್ತವನು. ನಾಲ್ಕು ಜನರೆದುರು ಮಾತಾಡಬೇಕೆಂದರೆ ಕಿವಿ ಕೆಂಪಾಗುತ್ತಿತ್ತು. ಬಹಳ ಕಾಲ ಕಾದ ಮೇಲೆ ಮಗಳು ಬಸುರಿಯಾದಳು. ಪೀಪಿಯಣ್ಣ ಕಡವಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡ. "ತಾತ ಆಗ್ತೀಯಲ್ಲಪ್ಪಾ, ಇನ್ಮೇಲೆ ಪೀಪಿ ಮೊಮ್ಮಗನಿಗೆ ಕೊಟ್ಟು ನೀನು ಸಾಲಲ್ಲಿ ನಿಲ್ಲು" ಅಂತ ದೋಣಿ ನಡೆಸುವವನು ರೇಗಿಸಿದ.

ಅಷ್ಟರಲ್ಲಿ ನದಿಯ ಮೇಲ್ಭಾಗದ ಸೇತುವೆಯಲ್ಲಿ ಬಿರುಕು ಕಾಣಿಸಿ, ಅದನ್ನು ಮುಚ್ಚಿದರು.

ಆಮೇಲೆ ಕಡವು ಕಡವಾಗಿ ಉಳಿಯಲಿಲ್ಲ. ಅಲ್ಲಿ ದಾಟುತ್ತಿದ್ದ ಜನ, ಗಾಡಿ ಎಲ್ಲ ಇಲ್ಲಿಗೇ ನುಗ್ಗಿತು. ಇದ್ದದ್ದು ಅದೇ ದೋಣಿ, ಅದೇ ಬಾರ್ಜು. ಎರಡೂ ಪುರುಸೊತ್ತಿಲ್ಲದೆ ಓಡಿದರೆ ಬಂದವರನ್ನು ಹೇಗೋ ಕಷ್ಟದಲ್ಲಿ ದಾಟಿಸಿ ಮುಗಿಸಬಹುದಿತ್ತು, ಒಂದು ಚೂರೂ ಮಿಗುತ್ತಿರಲಿಲ್ಲ. ಅಂಚಿನವರೆಗೆ ತುಂಬಿದ ಕೊಡಕ್ಕೆ ಒಂದು ಲೋಟ ಹೆಚ್ಚಾದರೂ ಚೆಲ್ಲುತ್ತದೆ. ಈಗ ಬೆಳಿಗ್ಗೆ ತಪ್ಪಿದ ಟ್ರಿಪ್ಪು ಸಂಜೆಗೂ ಸಿಗುತ್ತಿರಲಿಲ್ಲ, ನಾಳೆಗೂ ಸಿಗುತ್ತಿರಲಿಲ್ಲ. ತಪ್ಪಿದ ಒಂದೊಂದು ಟ್ರಿಪ್ಪಿಗೂ ಗಾಡಿಗಳ ಸಾಲಿನ ಬಾಲ ಅಷ್ಟಷ್ಟೇ ಉದ್ದವಾಗುತ್ತಿತ್ತು. ಸಾಲು ಟೀ ಅಂಗಡಿ ದಾಟಿತು, ಪೆಟ್ರೋಲ್ ಬಂಕು ದಾಟಿತು, ತಿರುವಿನಾಚೆ ಎಲ್ಲಿ ಮುಗಿಯುತ್ತದೋ ಗೇಟಿನಲ್ಲಿ ನಿಂತವನಿಗೆ ಕಾಣುತ್ತಿರಲಿಲ್ಲ. ಕಣ್ಣಿಗೆ ಬೀಳದ ಸಾಲು ಯಾರನ್ನು ಚುಚ್ಚೀತು? ಅವನಿಗೆ ಕಾಣುತ್ತಿದ್ದದ್ದು ನಡೆಯುವವರ ಸಾಲು. ಅದು ಸ್ವಲ್ಪ ಉದ್ದವಾದರೆ ಸಾಕು, ಬೈಗುಳ ಶುರು. ಅವನು ಹಳೇ ಅಭ್ಯಾಸದಂತೆ ಬಾರ್ಜು ಅವರಿಗೆ ಕೊಡುತ್ತಿದ್ದ. ಗಾಡಿಯವರಿಗೆ ಕೈ ಎತ್ತಿ ಅದೇ ಮಾತು.

ಹಾಗಿರುವಾಗ ಒಂದು ಬೆಳಿಗ್ಗೆ ಮಗಳು ಗಂಡನಿಗೆ, "ಯಾಕೋ ಮಗು ಸುಮ್ಮನಿದೆ ರೀ" ಅಂದಳು. ದಿನ ತುಂಬಲು ಇನ್ನೂ ಸ್ವಲ್ಪ ಬಾಕಿಯಿತ್ತು. ಪೇಟೆಯ ನರ್ಸಮ್ಮ ಹೊಟ್ಟೆ ಮುಟ್ಟಿ, ಕಿವಿಗೊಟ್ಟು ಕೇಳಿ, ಮುಖ ಗಂಭೀರ ಮಾಡಿಕೊಂಡಳು. "ಎದೆಬಡಿತ ಇದೆ, ಆದ್ರೆ ಸ್ವಲ್ಪ ನಿಧಾನ. ತಡ ಮಾಡಬೇಡಿ, ನಡೆಸಲೂಬೇಡಿ, ಮಲಗಿಸ್ಕೊಂಡೇ ಆ ದಡದ ದೊಡ್ಡಾಸ್ಪತ್ರೆಗೆ ಇವತ್ತೇ ಕರ್ಕೊಂಡು ಹೋಗಿ" ಅಂದಳು. ಅಳಿಯ ವ್ಯಾನಿನಿಂದ ವೈರಿನ ಸುರುಳಿಗಳನ್ನು ಕೆಳಗೆಸೆದು, ಹಿಂದೆ ಹಾಸಿಗೆ ಹಾಸಿ, ಹೆಂಡತಿಯನ್ನು ಮಲಗಿಸಿಕೊಂಡು ಹೊರಟ.

ಪೆಟ್ರೋಲ್ ಬಂಕಿನಾಚೆಯ ತಿರುವಿನಲ್ಲಿ ವ್ಯಾನು ನಿಂತಿತು. ಮುಂದೆಲ್ಲ ಲಾರಿಗಳ ಬೆನ್ನು.

"ನಾನು ಹೋಗಿ ಮಾವನಿಗೆ ಹೇಳಿ ಬರ್ಲಾ?"

"ಬೇಡ ರೀ. ಅಪ್ಪನ ಗೇಟಲ್ಲಿ ನಾವೇ ಸಾಲು ಮುರಿದ್ರೆ ಅವರು ನಾಳೆ ಮುಖ ಎಲ್ಲಿಡಬೇಕು? ಸಾಲು ಹೋಗುತ್ತೆ, ಕಾಯೋಣ."

ಸಾಲು ಹೋಗಲಿಲ್ಲ. ಹೋಗುವುದು ಹೇಗೆ? ಬಿಸಿಲೇರಿತು. ವ್ಯಾನಿನೊಳಗೆ ಕಾದ ರಬ್ಬರಿನ ವಾಸನೆ. ಮಗಳು ಹೊಟ್ಟೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಒಳಗಿನಿಂದ ಏನಾದರೂ ಮಿಸುಕುತ್ತದೆಯೋ ಅಂತ ಕಾಯುತ್ತಿದ್ದಳು. ಕೊನೆಗೆ ಅಳಿಯನಿಗೆ ತಡೆಯಲಾಗಲಿಲ್ಲ. ನೀರು ತರುತ್ತೇನೆ ಅಂತ ಹೇಳಿ ಇಳಿದು ಗೇಟಿನವರೆಗೂ ಓಡಿದ.

ಗೇಟಿನಲ್ಲಿ ಜಾತ್ರೆ. ನಡೆಯುವವರೆಲ್ಲ ಪೀಪಿಯಣ್ಣನನ್ನು ಮುತ್ತಿಕೊಂಡಿದ್ದರು. ಬಾರ್ಜು ಆಗಷ್ಟೇ ಬಂದು ತಾಗಿತ್ತು.

"ಮಾವ..."

"ಓ, ಅಳಿಯಂದ್ರು! ಏನು ಈ ಕಡೆ?"

"ಇವಳನ್ನ ಕರ್ಕೊಂಡು ಬಂದೆ. ಆಸ್ಪತ್ರೆಗೆ. ಸಾಲಲ್ಲಿದ್ದೀವಿ... ಅವಳಿಗೆ ಸ್ವಲ್ಪ..."

"ತೋರಿಸೋಕೆ ಹೊರಟ್ರಾ? ಒಳ್ಳೇದು ಒಳ್ಳೇದು."

ಅಷ್ಟರಲ್ಲಿ ಸಾಲಿನಲ್ಲಿದ್ದವನೊಬ್ಬ, "ಏನ್ ಪೀಪಿಯಣ್ಣ, ಅಳಿಯ ಬಂದ ಅಂತ ಬಾರ್ಜು ಗಾಡಿಗೆ ಬಿಟ್ಟುಬಿಡ್ತೀಯೇನಪ್ಪಾ?" ಅಂತ ಕೂಗಿದ. ನಾಲ್ಕು ಜನ ನಕ್ಕರು. ಪೀಪಿಯಣ್ಣನ ಮುಖಕ್ಕೆ ರಕ್ತ ಏರಿತು. ಇಷ್ಟು ವರ್ಷ ಕಟ್ಟಿಕೊಂಡ ಹೆಸರು!

"ನನ್ನೋರು ಅಂತ ಇಲ್ಲಿ ಯಾರೂ ಇಲ್ಲ!" ಅಂತ ಗಂಟಲೇರಿಸಿದ. ಅಳಿಯನ ಹೆಗಲ ಮೇಲೆ ಕೈಯಿಟ್ಟು, ದನಿ ತಗ್ಗಿಸಿ, "ಬೇಜಾರು ಮಾಡ್ಕೋಬೇಡಿ. ಇದೊಂದು ಟ್ರಿಪ್ಪು ಇವರನ್ನ ಕಳಿಸಿಬಿಡ್ತೀನಿ. ಮುಂದಿನ ಬಾರ್ಜು ನಿಮ್ಮದೇ" ಅಂದ.

ಅಳಿಯ ಬಾಯಿ ತೆರೆದ. ಕಿವಿ ಕೆಂಪಾಗಿತ್ತು. ಮೂತಿಯೆದುರಿಗೇ ಪೀಪಿ ಕೂಗಿತು, ಜನ ಅವನನ್ನು ತಳ್ಳಿಕೊಂಡು ಬಾರ್ಜಿಗೆ ನುಗ್ಗಿದರು. ಅವನು ನೀರಿನ ಬಾಟಲಿ ಹಿಡಿದು ವಾಪಸು ಹೋದ. ಆ ಹುಡುಗನನ್ನು ಹಿಡಿದು ಅಲುಗಿಸಿ, "ಕಿರುಚೋ ಮಾರಾಯ, ಮಗು ಅಲುಗಾಡ್ತಿಲ್ಲ ಅಂತ ಕಿರುಚು!" ಅನ್ನಬೇಕೆನ್ನಿಸುತ್ತದೆ. ಅವನು ಕಿರುಚಲಿಲ್ಲ. ಮಾವ ಕೊಟ್ಟ ಮಾತನ್ನು ನಂಬಿದ.

ಮುಂದಿನ ಬಾರ್ಜು ಬಂದಾಗ ನಡೆಯುವವರ ಸಾಲು ಮತ್ತೆ ಬೆಳೆದಿತ್ತು. ದೊಡ್ಡ ಸಾಲೇನಲ್ಲ. ಒಬ್ಬ ಅಜ್ಜಿ ಅವನ ಕೈ ಹಿಡಿದು ಅತ್ತುಬಿಟ್ಟಳು, ಆಚೆ ದಡದಲ್ಲಿ ಅಕ್ಕ ಸಾಯುತ್ತಿದ್ದಾಳೆ ಅಂತ. ಅವಳೊಬ್ಬಳನ್ನು ಹತ್ತಿಸಿದರೆ ಮಿಕ್ಕವರು ಬಿಟ್ಟಾರೆಯೇ? ಎಲ್ಲರೂ ಹತ್ತಿದರು. ಅದರ ಮುಂದಿನದು ಗಾಡಿಗಳಿಗೆ ಹೋಯಿತು. ಸಾಲಿನ ಮೊದಲಿದ್ದ ಲಾರಿಗಳು ಏರಿದವು, ವ್ಯಾನು ಬಂಕಿನ ಹತ್ತಿರಕ್ಕೆ ಬಂತು. ಅದರ ಮುಂದಿನದು ಮತ್ತೆ ನಡೆಯುವವರಿಗೆ. ಅಳಿಯನ ನೆನಪು ಅವನಿಗೆ ಆಗಾಗ ಬಂತು, ಇಲ್ಲವೆನ್ನುವಂತಿಲ್ಲ. ಇಷ್ಟು ಹೊತ್ತಿಗೆ ಅವರು ಗದ್ದಲದಲ್ಲಿ ತನ್ನ ಕಣ್ತಪ್ಪಿ ದಾಟಿರಬೇಕು ಅಂದುಕೊಂಡ.

ಬಿಸಿಲು ಇಳಿದ ಮೇಲೆ ವ್ಯಾನು ಗೇಟಿಗೆ ಬಂತು. ಪೀಪಿಯಣ್ಣ ನಗುತ್ತ, "ಅರೆ, ಇನ್ನೂ ಇಲ್ಲೇ ಇದ್ದೀರಾ!" ಅಂತ ಕಿಟಕಿಯೊಳಗೆ ತಲೆ ಹಾಕಿದ. ಮಗಳು ಒರಗಿಕೊಂಡಿದ್ದಳು. ತುಟಿ ಒಣಗಿತ್ತು.

"ಅಪ್ಪ, ಮಧ್ಯಾಹ್ನದಿಂದ ಒದ್ದೇ ಇಲ್ಲ."

ಅವನ ಬಾಯಿಂದ ಪೀಪಿ ಬಿತ್ತು. ಗೇಟು, ಸಾಲು ಎಲ್ಲ ಬಿಟ್ಟು ವ್ಯಾನಿಗೆ ಹತ್ತಿದ. ಬಾರ್ಜು ಅಷ್ಟು ನಿಧಾನ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಅವನು ಅದನ್ನು ಕಳಿಸಿದ್ದನೇ ಹೊರತು ಅದರಲ್ಲಿ ಕೂತು ಕಾದಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಮಗಳನ್ನು ತಳ್ಳುಗಾಡಿಯಲ್ಲಿ ಒಳಗೆ ಕರೆದೊಯ್ದರು. ಬಹಳ ಹೊತ್ತಾದ ಮೇಲೆ ಡಾಕ್ಟರಮ್ಮ ಹೊರಗೆ ಬಂದರು. ದೊಡ್ಡ ದನಿಯಲ್ಲೇನೂ ಹೇಳಲಿಲ್ಲ.

"ತಾಯಿ ಉಳ್ಕೊಂಡಿದ್ದಾರೆ. ಮಗು ಇಲ್ಲ. ಇನ್ನೊಂದು ಆಗೋದು ಕಷ್ಟ... ಮಧ್ಯಾಹ್ನದೊಳಗೆ ಬಂದಿದ್ರೆ ನೋಡಬಹುದಿತ್ತು. ಯಾಕೆ ಇಷ್ಟು ತಡ ಮಾಡಿದ್ರಿ?"

ಅಳಿಯ ಮಾವನ ಮುಖ ನೋಡಿದ. ಪಾಪ, ಆಗಲೂ ಅವನು, "ಸಾಲು ಬಹಳ ಇತ್ತು ಮೇಡಂ" ಅಂದನಷ್ಟೇ.

ಪೀಪಿಯಣ್ಣ ಕೆಲವು ದಿನ ಕೆಲಸಕ್ಕೆ ಹೋಗಲಿಲ್ಲ. ಹೆಂಡತಿ ಅವನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದನೇನೋ. ಎದುರಿಗೆ ತಟ್ಟೆ ಇಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಅವನು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ: ಜನ ಅಷ್ಟಿದ್ದರು, ಗಾಡಿ ಅಷ್ಟಿದ್ದವು, ಸೇತುವೆ ಮುಚ್ಚಿದವರು ನಾನಲ್ಲ, ಯಾರಿದ್ದರೂ ಅಷ್ಟೇ ಆಗುತ್ತಿತ್ತು. ಆ ಮಾತನ್ನು ಹಿಡಿದುಕೊಂಡು ಹೇಗೋ ಉಸಿರಾಡುತ್ತಿದ್ದ.

ಅದನ್ನೂ ಕಿತ್ತುಕೊಂಡವನು ದೋಣಿಯವನು. ಮಾತಾಡಿಸಿಕೊಂಡು ಹೋಗೋಣ ಅಂತ ಮನೆಗೆ ಬಂದಿದ್ದ. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದ. ಏನೋ ಹೇಳಬೇಕಲ್ಲ ಅಂತ ಹೇಳಿದ:

"ಆವತ್ತು ನಮ್ಮ ಹುಡುಗಿ ಅಲ್ಲಿದ್ದಾಳೆ ಅಂತ ಗೊತ್ತಿದ್ರೆ ನಾನಾದ್ರೂ ಏನಾದ್ರೂ ಮಾಡ್ತಿದ್ದೆ ಕಣಣ್ಣ. ನಂಗೆ ಆವತ್ತು ಕೆಲಸಾನೇ ಇರ್ಲಿಲ್ಲ. ಎಷ್ಟು ಸಲ ಬಂದ್ರೂ ಏಣಿ ಹತ್ರ ಒಂದು ನರಪಿಳ್ಳೆ ಇಲ್ಲ, ನೀನು ಎಲ್ಲರನ್ನೂ ಬಾರ್ಜಿಗೆ ಹತ್ತಿಸಿಬಿಟ್ಟಿರ್ತಿದ್ದೆ. ದೋಣಿ ಕಟ್ಟಿ, ಮುಖದ ಮೇಲೆ ಟವಲು ಹಾಕ್ಕೊಂಡು ಮಲಗಿದ್ದೆ."

ಪೀಪಿಯಣ್ಣ ತಲೆ ಎತ್ತಿದ. ಕಟ್ಟಿಹಾಕಿದ ದೋಣಿ. ಹೌದು, ಅವನೂ ನೋಡಿದ್ದ. ಆವತ್ತು ಎಷ್ಟೋ ಸಲ ಅವನ ಕಣ್ಣು ಅದರ ಮೇಲೆ ಹಾದುಹೋಗಿತ್ತು. ದಾಟಿಸಲು ಇದ್ದವು ಎರಡು, ಅದರಲ್ಲಿ ಒಂದು ಮಲಗಿತ್ತು. ದೋಣಿಗೆ ಹೋಗಬೇಕಾದವರು ಬಾರ್ಜಿನಲ್ಲಿ ಹೋದರು. ಬಾರ್ಜು ಬಿಟ್ಟರೆ ಗತಿಯಿಲ್ಲದ ಮಗಳು ರಬ್ಬರಿನ ವಾಸನೆಯಲ್ಲಿ ಮಲಗಿ ಕಾದಳು. ಚುಕ್ಕಾಣಿ ಅಜ್ಜನ ಕಲ್ಲು ಇದಕ್ಕಾಗಿ ನಿಂತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ದೋಣಿಯವನು ಹೋದ ಮೇಲೆ ಅವನು ಹಿತ್ತಲಿಗೆ ಹೋಗಿ, ಗೋಡೆಗೆ ಹಣೆ ಒತ್ತಿ, ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತ.

ಮರುದಿನ ಕೆಲಸಕ್ಕೆ ಹೋದವನು ಮೊದಲು ಮಾಡಿದ್ದು ಕಲ್ಲಿಗೆ ಸುಣ್ಣ ಬಳಿದದ್ದು. ಆಮೇಲಿನಿಂದ ನಡೆಯುವವರ ಸಾಲು ಆ ಕಲ್ಲು ದಾಟದೆ ಒಬ್ಬರಿಗೂ ಬಾರ್ಜಿನ ಸರಪಳಿ ತೆಗೆಯಲಿಲ್ಲ. "ನಿನಗೇನು ಬಂತೋ ದೊಡ್ಡ ರೋಗ," "ದುಡ್ಡು ತಿಂದಿದ್ದಾನೆ ಲಾರಿಯೋರ ಹತ್ರ," "ಮಗಳ ಮಗು ಹೋದ ಮೇಲೆ ತಲೆ ಕೆಟ್ಟಿದೆ" ಎಂದೆಲ್ಲ ಅಂದರು. ಒಬ್ಬ ಉಗಿದ. ಅವನು ಕಿವಿ ಸತ್ತವನ ಹಾಗೆ ನಿಂತ. ಬೆನ್ನು ತಟ್ಟುವವರು ಒಬ್ಬರೂ ಉಳಿಯಲಿಲ್ಲ. ದೋಣಿ ಮಾತ್ರ ಬೆಳಗಿನಿಂದ ಸಂಜೆಯವರೆಗೆ ತುಂಬಿ ಹೋಗಿ ಬಂತು. ಗಾಡಿಗಳ ಸಾಲು ದಿನದಿನಕ್ಕೆ ತಿರುವಿನಿಂದ ಬಂಕಿಗೆ, ಬಂಕಿನಿಂದ ಟೀ ಅಂಗಡಿಗೆ ಸರಿದು, ಅಲ್ಲಿಂದ ಹಿಂದಕ್ಕೆ ಬೆಳೆಯಲಿಲ್ಲ. ಅವನು ದಿನಾ ಅದನ್ನೇ ನೋಡುತ್ತ ನಿಲ್ಲುತ್ತಿದ್ದ. ಆಗುವುದಿಲ್ಲ ಅಂತಿದ್ದರೆ ನೆಮ್ಮದಿಯಾದರೂ ಇರುತ್ತಿತ್ತು. ಆಗುತ್ತಿತ್ತಲ್ಲ, ಇಷ್ಟು ಸುಲಭವಾಗಿ ಆಗುತ್ತಿತ್ತಲ್ಲ!

ಮಗಳು ಅಪ್ಪನನ್ನು ದೂರಲಿಲ್ಲ. ಅವಳೂ ಅದೇ ಮಾತನ್ನು ಹಿಡಿದುಕೊಂಡಿದ್ದಳು: ಜನ ಬಹಳ ಇದ್ದರು, ಅಪ್ಪ ಏನು ಮಾಡಿಯಾರು. ಕೇಳಿದವರಿಗೆಲ್ಲ ಹಾಗೇ ಹೇಳುತ್ತಿದ್ದಳು. ಅದು ಅವನ ಕಿವಿಗೂ ಬೀಳುತ್ತಿತ್ತು.

ಸುಮಾರು ದಿನವಾದ ಮೇಲೆ, ಆಸ್ಪತ್ರೆಯವರು ಮತ್ತೆ ಬರಹೇಳಿದ್ದರೆಂದು ಅವಳೂ ಗಂಡನೂ ಅದೇ ವ್ಯಾನಿನಲ್ಲಿ ಬಂದರು. ಟೀ ಅಂಗಡಿಯ ಹತ್ತಿರ ಸಾಲು ಸೇರಿದವರು ಸ್ವಲ್ಪ ಹೊತ್ತಿಗೇ ಗೇಟಿನಲ್ಲಿದ್ದರು. ಪೀಪಿಯಣ್ಣ ಕಿಟಕಿಯ ಹತ್ತಿರ ಹೋದ. ಅವಳು ಬಡವಾಗಿದ್ದಳು, ಆದರೂ ಅಪ್ಪನನ್ನು ಕಂಡು ಮುಖ ಅರಳಿಸಿದಳು.

"ಇಷ್ಟು ಬೇಗ ಬಂತಾ ನಮ್ಮ ಸರದಿ! ಇವತ್ತು ಜನ ಕಮ್ಮಿನಾ ಅಪ್ಪ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು.

"ಇಲ್ಲಮ್ಮ. ಅಷ್ಟೇ ಜನ."

"ಹಾಗಾದ್ರೆ ಸೇತುವೆ ತೆಗೆದ್ರಾ?"

"ಇಲ್ಲ."

"ಹೊಸ ಬಾರ್ಜು ಬಂತಾ?"

"ಇಲ್ಲಮ್ಮ. ಅದೇ ಬಾರ್ಜು, ಅದೇ ದೋಣಿ."

ಅವಳು ಕಡವಿನಲ್ಲೇ ಬೆಳೆದವಳು, ಚಪ್ಪಲಿಗಳನ್ನು ಎರಡು ಸಾಲಾಗಿ ನಿಲ್ಲಿಸಿ ಆಡಿದವಳು. ನಡೆಯುವವರ ಸಾಲಿನ ಕಡೆ ನೋಡಿದಳು. ಹೊಸದಾಗಿ ಸುಣ್ಣ ಬಳಿದ ಕಲ್ಲನ್ನು ನೋಡಿದಳು. ಏಣಿಯ ಕೆಳಗಿನಿಂದ ಜನ ತುಂಬಿಕೊಂಡು ಹೊರಟ ದೋಣಿಯನ್ನು, ಅದು ನಡುನೀರಿಗೆ ಹೋಗುವವರೆಗೂ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು. ಮುಖದಲ್ಲಿದ್ದ ನಗು ಎಲ್ಲಿ ಹೋಯಿತೋ.

ಕಿಟಕಿಯ ಗಾಜು ಏರಿಸಿಕೊಂಡಳು.

ಬಾರ್ಜು ಕಾಯುತ್ತಿತ್ತು, ಹಿಂದಿನ ಲಾರಿಯವನು ಹಾರನ್ ಹೊಡೆದ. ಪೀಪಿಯಣ್ಣ ಪಕ್ಕಕ್ಕೆ ಸರಿದು ಪೀಪಿ ಊದಿದ, ವ್ಯಾನು ಮುಂದೆ ಹೋಯಿತು.